ಮಾದಾಪುರದ ಕಾಫಿ ಹರಳು, ಬೆಳಗಾವಿಯ ಒಣ ಲಸಿಕೆ

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಮಾದಾಪುರ ತಡವಾಗಿ ಕಣ್ಣುಬಿಡುತ್ತದೆ. ವಾರವಿಡೀ ಹೈಟೆಕ್ ಸಿಟಿಯತ್ತ ಓಡುವ ಹುಡುಗ ಹುಡುಗಿಯರು ಅಂದು ಪಿ.ಜಿ.ಗಳ ಬಾಲ್ಕನಿಯಲ್ಲಿ ಬಟ್ಟೆ ಹಿಂಡಿ ಒಣಹಾಕುತ್ತಿರುತ್ತಾರೆ. ಅವರ ನಡುವೆ ಕಲಬುರಗಿ, ಬೀದರ್, ರಾಯಚೂರಿನ ಕನ್ನಡವೂ ಕಿವಿಗೆ ಬೀಳುತ್ತದೆ. 1956ರ ತನಕ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಹೊಟ್ಟೆಪಾಡಿಗೆ ಇತ್ತ ಬರುವ ದಾರಿ ಹಳೆಯದು. ಕೋಣೆಯ ಮೂಲೆಯಲ್ಲಿ ಕೆಟಲ್ ಕುದಿಯುತ್ತದೆ. ಬಾಟಲಿಯಿಂದ ಒಂದು ಚಮಚ ಕಂದು ಹರಳು ಲೋಟಕ್ಕೆ ಬೀಳುತ್ತದೆ. ನೀರು ತಾಕಿದ ಕೂಡಲೇ ಹರಳು ಮಾಯ, ಕಾಫಿಯ ಘಮ ಕೋಣೆ ತುಂಬ.

ಕೆಳಗೆ ಬೀದಿಯಲ್ಲಿರುವ ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿ ಹೆಬ್ಬೆರಳು ಗಾತ್ರದ ಗಾಜಿನ ಸೀಸೆಯೊಂದಿದೆ. ನಾಯಿ ಕಚ್ಚಿದವರಿಗೆ ಕೊಡುವ ಲಸಿಕೆ. ಒಳಗೆ ದ್ರವವಿಲ್ಲ; ತಳದಲ್ಲಿ ಬತ್ತಾಸಿನ ಚೂರಿನಂಥ ಬಿಳಿಯ ಬಿಲ್ಲೆ ಮಾತ್ರ. ಜೊತೆಯಲ್ಲೇ ಇನ್ನೊಂದು ಪುಟ್ಟ ಸೀಸೆಯಲ್ಲಿ ಶುದ್ಧ ನೀರು. ನರ್ಸ್ ಆ ನೀರನ್ನು ಸೂಜಿಯಲ್ಲಿ ಎಳೆದು ಬಿಲ್ಲೆಯ ಮೇಲೆ ಬಿಟ್ಟರೆ ಅದೂ ಕಾಫಿಯ ಹರಳಿನಂತೆಯೇ ಕರಗಿಬಿಡುತ್ತದೆ.

ಲೋಟದ ಹರಳು, ಸೀಸೆಯ ಬಿಲ್ಲೆ ಎರಡೂ ಒಂದೇ ವಿದ್ಯೆಯ ಮಕ್ಕಳು. ಫ್ರೀಜ್ ಡ್ರೈಯಿಂಗ್ ಎಂದು ಅದರ ಹೆಸರು. ಔಷಧ ಕಂಪನಿಗಳಲ್ಲಿ ಲಯೋಫಿಲೈಸೇಶನ್ ಅನ್ನುತ್ತಾರೆ, ಕೆಲಸಗಾರರ ಬಾಯಲ್ಲಿ ಅದು ಬರೀ ‘ಲಯೋ’. ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಆ ಮಂಜುಗಡ್ಡೆಯನ್ನು ಕರಗಲು ಬಿಡದೆ ಒಣಗಿಸುವ ವಿಧಾನ ಇದು.

ಬಿಸಿಲಿನಲ್ಲಿ ಯಾಕೆ ಸುಕ್ಕು?

ಒಣಗಿಸಿ ಇಡುವುದು ನಮಗೆ ಹೊಸದಲ್ಲ. ಬೇಸಿಗೆ ಬಂತೆಂದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ತೇವವಿದ್ದಲ್ಲಿ ಬೂಷ್ಟು, ತೇವ ಹೋದರೆ ಬಾಳಿಕೆ. ಇಷ್ಟು ವಿಜ್ಞಾನ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಆದರೆ ಒಣಗಿದ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೈಯೆಲ್ಲ ಸುಕ್ಕು. ನೀರು ಹೊರಗೆ ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಅಕ್ಕಪಕ್ಕದ ಗೋಡೆಗಳನ್ನೂ ಎಳೆದುಕೊಂಡೇ ಹೋಗುತ್ತದೆ. ಹನಿ ಕಡಿಮೆಯಾದಂತೆ ಉಪ್ಪು, ಹುಳಿ, ಸಕ್ಕರೆಯ ಸಾಂದ್ರತೆ ಏರುತ್ತದೆ. ಬಿಸಿಗೆ ಪರಿಮಳ ಹಾರುತ್ತದೆ, ಬಣ್ಣ ಕಂದುತ್ತದೆ. ಮತ್ತೆ ನೀರಿನಲ್ಲಿ ನೆನೆಹಾಕಿದರೂ ಅದು ಹಸಿ ಮೆಣಸಿನಕಾಯಿ ಆಗುವುದಿಲ್ಲ.

ಮೆಣಸಿನಕಾಯಿಗೆ ಈ ಸುಕ್ಕು ಒಪ್ಪುತ್ತದೆ, ರುಚಿಯೂ ಅದರಿಂದಲೇ. ಲಸಿಕೆಯೊಳಗಿನ ಜೀವಂತ ವೈರಾಣುವಿಗೆ, ರಕ್ತದ ಪ್ರೋಟೀನಿಗೆ ಇದು ಮರಣ. ಪ್ರೋಟೀನು ತನ್ನ ಮಡಿಕೆಯ ಆಕಾರದಿಂದಲೇ ಕೆಲಸ ಮಾಡುವ ವಸ್ತು. ಆಕಾರ ಕೆಟ್ಟರೆ ಅದು ಬೆಂದ ಮೊಟ್ಟೆಯ ಬಿಳಿಯಂತೆ, ಹಿಂದಿರುಗಿ ಬರುವ ದಾರಿಯಿಲ್ಲ.

ಕರ್ಪೂರದ ದಾರಿ

ದೇವರ ಮನೆಯ ಡಬ್ಬಿಯಲ್ಲಿ ಇಟ್ಟ ಕರ್ಪೂರ ದಿನ ಕಳೆದಂತೆ ಸಣ್ಣದಾಗುತ್ತದೆ. ಡಬ್ಬಿಯ ತಳ ಒದ್ದೆಯಾಗಿರುವುದಿಲ್ಲ. ಗಟ್ಟಿಯಾಗಿದ್ದ ಕರ್ಪೂರ ನೀರಾಗದೆಯೇ ನೇರ ಗಾಳಿಗೆ ಸೇರಿರುತ್ತದೆ. ಅದನ್ನು ತಡೆಯಲೆಂದೇ ಡಬ್ಬಿಗೆ ನಾಲ್ಕು ಮೆಣಸಿನಕಾಳು ಹಾಕಿಡುವ ರೂಢಿ.

ಮಂಜುಗಡ್ಡೆಯನ್ನೂ ಕರ್ಪೂರದ ದಾರಿಯಲ್ಲಿ ಕಳಿಸಬಹುದು. ಒಂದೇ ಷರತ್ತು: ಸುತ್ತಲಿನ ಗಾಳಿಯ ಒತ್ತಡ ಬಹಳ ಇಳಿಯಬೇಕು. ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಏರಿಸಿ ನೀರು ಕುದಿಯುವ ಬಿಸಿಯನ್ನು ಮೇಲಕ್ಕೆ ತಳ್ಳುತ್ತೇವಲ್ಲ, ಇಲ್ಲಿ ಅದರ ತಿರುವುಮುರುವು. ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 165ನೇ ಒಂದು ಭಾಗಕ್ಕಿಂತ ಕೆಳಗೆ ಹೋದರೆ ನೀರಿಗೆ ದ್ರವವಾಗಿ ನಿಲ್ಲುವ ಜಾಗವೇ ಇಲ್ಲ. ಗಡ್ಡೆಯಾಗಿರಬೇಕು, ಇಲ್ಲವೇ ಆವಿಯಾಗಿರಬೇಕು.

ಹೀಗೆ ಹೊರಟ ನೀರು ಗೋಡೆಗಳನ್ನು ಎಳೆಯುವುದಿಲ್ಲ. ಗಡ್ಡೆ ಇದ್ದ ಜಾಗದಲ್ಲಿ ಅಷ್ಟೇ ಗಾತ್ರದ ಪೊಳ್ಳು ಉಳಿಯುತ್ತದೆ. ಹಣ್ಣಿನ ಹೋಳು ಹೋಳಿನಂತೆಯೇ ಇರುತ್ತದೆ, ಎತ್ತಿದರೆ ಹತ್ತಿಯಷ್ಟು ಹಗುರ. ಮತ್ತೆ ನೀರು ಬಿಟ್ಟರೆ ಅದೇ ಪೊಳ್ಳುಗಳ ದಾರಿ ಹಿಡಿದು ಕ್ಷಣದಲ್ಲಿ ಒಳಗಿಳಿಯುತ್ತದೆ. ಕಾಫಿಯ ಹರಳು ಅಷ್ಟು ಬೇಗ ಕರಗುವ ಗುಟ್ಟು ಇದೇ.

ಪೆಟ್ಟಿಗೆಯೊಳಗಿನ ಮೂರು ಹೆಜ್ಜೆ

ಔಷಧ ಕಾರ್ಖಾನೆಯ ಲಯೋ ಯಂತ್ರ ನೋಡಲು ದೊಡ್ಡ ಉಕ್ಕಿನ ಬೀರು. ಒಳಗೆ ಕಪಾಟಿನಂತೆ ಹಲಗೆಗಳು, ಹಲಗೆಗಳ ಮೇಲೆ ಸಾವಿರಾರು ಸೀಸೆಗಳು. ಪ್ರತಿ ಸೀಸೆಯ ಬಾಯಿಗೆ ರಬ್ಬರಿನ ಬಿರಡೆ ಅರ್ಧ ಮಾತ್ರ ತೂರಿಸಿರುತ್ತಾರೆ. ಬಿರಡೆಯ ಕಾಲಿನಲ್ಲಿ ಸೀಳು ಇರುತ್ತದೆ, ಆವಿ ಹೊರಬರಲು.

ಮೊದಲ ಹೆಜ್ಜೆ ಹೆಪ್ಪುಗಟ್ಟಿಸುವುದು, ಸಾಮಾನ್ಯವಾಗಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಎಲ್ಲ ಜಾಣ್ಮೆ ಇರುವುದು ಇಲ್ಲಿಯೇ ಅನ್ನಬೇಕು. ಗಡ್ಡೆಯ ಹರಳು ಚೂಪಾದರೆ ಜೀವಕೋಶ ಹರಿಯುತ್ತದೆ. ಅದಕ್ಕೆಂದೇ ಲಸಿಕೆಯ ಜೊತೆ ಸುಕ್ರೋಸ್, ಟ್ರಿಹ್ಯಾಲೋಸ್‌ನಂಥ ಸಕ್ಕರೆ ಬೆರೆಸುತ್ತಾರೆ. ನೀರು ಹೊರಟುಹೋದ ಮೇಲೆ ಈ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ ಪ್ರೋಟೀನಿನ ಸುತ್ತ ನಿಲ್ಲುತ್ತದೆ, ಮಾವಿನಕಾಯಿಯ ಬುಟ್ಟಿಗೆ ಹುಲ್ಲು ತುರುಕಿದ ಹಾಗೆ. ಸೀಸೆಯ ತಳದ ಬಿಳಿಯ ಬಿಲ್ಲೆಯಲ್ಲಿ ಕಣ್ಣಿಗೆ ಕಾಣುವುದು ಬಹುಪಾಲು ಈ ಆಸರೆಯೇ. ಲಸಿಕೆಯ ಕಣ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ಎರಡನೆಯದು ಗಾಳಿ ಎಳೆದು ಗಡ್ಡೆಯನ್ನು ಆವಿಯಾಗಿಸುವುದು. ಆವಿಯಾಗಲು ಗಡ್ಡೆಗೂ ಶಾಖ ಬೇಕು, ಹಲಗೆಗಳನ್ನು ತೀರಾ ಮೆಲ್ಲಗೆ ಬಿಸಿ ಮಾಡುತ್ತಾರೆ. ಆತುರಪಟ್ಟು ಬಿಸಿ ಹೆಚ್ಚಿಸಿದರೆ ಬಿಲ್ಲೆ ಕುಸಿದು ಅಂಟಾಗುತ್ತದೆ, ಅಷ್ಟೂ ಸೀಸೆ ಎಸೆಯಬೇಕು. ಹೊರಬಂದ ಆವಿಯನ್ನು ಪಂಪು ಒಂದೇ ನಿಭಾಯಿಸಲಾರದು. ಆ ಕಡಿಮೆ ಒತ್ತಡದಲ್ಲಿ ಒಂದೇ ಗ್ರಾಂ ಗಡ್ಡೆ ಉಬ್ಬಿ ಸುಮಾರು 10,000 ಲೀಟರ್ ಆವಿಯಾಗಬಲ್ಲದು. ಆದ್ದರಿಂದ ಪಕ್ಕದ ಕೋಣೆಯಲ್ಲಿ ಇನ್ನೂ ತಣ್ಣಗಿನ ಸುರುಳಿ ಕೊಳವೆಗಳನ್ನಿಟ್ಟು ಆವಿಯನ್ನು ಮತ್ತೆ ಗಡ್ಡೆಯಾಗಿ ಹಿಡಿದುಹಾಕುತ್ತಾರೆ.

ಮೂರನೆಯ ಹೆಜ್ಜೆಯಲ್ಲಿ ಬಿಸಿ ಸ್ವಲ್ಪ ಏರಿಸಿ, ಅಂಟಿಕೊಂಡು ಕುಳಿತ ಕೊನೆಯ ತೇವವನ್ನೂ ಬಿಡಿಸುತ್ತಾರೆ. ನೂರಕ್ಕೆ ಒಂದೆರಡು ಪಾಲು ಉಳಿದರೆ ಸಾಕು. ಆಗ ಹಲಗೆಗಳು ಒಂದರ ಮೇಲೊಂದು ಇಳಿದು ಅಷ್ಟೂ ಬಿರಡೆಗಳನ್ನು ಒಮ್ಮೆಗೇ ಒತ್ತಿ ಮುಚ್ಚುತ್ತವೆ. ಹೊರಗಿನ ಗಾಳಿ ತಾಕುವುದೇ ಇಲ್ಲ. ಹೀಗೆ ಒಂದು ಸರದಿ ಮುಗಿಯಲು ಒಂದು ದಿನವೂ ಆದೀತು, ಮೂರು ದಿನವೂ ಆದೀತು.

ಕೊಡಗಿನ ಬೀಜ, ದುಗ್ಗಿರಾಲದ ಹರಳು

ಇನ್‌ಸ್ಟಂಟ್ ಕಾಫಿಯಲ್ಲಿ ಎರಡು ಜಾತಿ. ಅಗ್ಗದ್ದು ನುಣ್ಣನೆಯ ಪುಡಿ ಅಥವಾ ಗುಂಡು ಕಾಳು. ಡಿಕಾಕ್ಷನ್ನನ್ನು ಎತ್ತರದ ಗೋಪುರದೊಳಗೆ ಬಿಸಿಗಾಳಿಗೆ ಚಿಮ್ಮಿಸಿ ಒಣಗಿಸಿದ್ದು. 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದ ನೆಸ್ಕೆಫೆ ಈ ಬಗೆಯದು. ದುಬಾರಿಯದು ಒಡೆದ ಕಲ್ಲುಸಕ್ಕರೆಯಂತೆ ಮೂಲೆ ಮೂಲೆಯಿರುವ ಹರಳು. ಗಟ್ಟಿ ಡಿಕಾಕ್ಷನ್ನನ್ನು ಹೆಪ್ಪುಗಟ್ಟಿಸಿ, ಹೆಪ್ಪಿನಲ್ಲಿರುವಾಗಲೇ ಪುಡಿಗುಟ್ಟಿ, ಆಮೇಲೆ ನಿರ್ವಾತದಲ್ಲಿ ಒಣಗಿಸಿದ್ದು. ಬಿಸಿಗಾಳಿ ತಾಕದ್ದರಿಂದ ಘಮ ಹೆಚ್ಚು ಉಳಿಯುತ್ತದೆ.

ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಹರಳಾಗಿಸುವ ದೊಡ್ಡ ಕಾರ್ಖಾನೆಗಳಲ್ಲೊಂದು ಮಾತ್ರ ಆಂಧ್ರದ ಗುಂಟೂರು ಸೀಮೆಯ ದುಗ್ಗಿರಾಲದಲ್ಲಿದೆ. ಅರಿಶಿನದ ಮಾರುಕಟ್ಟೆಗೆ ಹೆಸರಾದ ಊರು ಅದು, ಸುತ್ತ ಒಂದು ಕಾಫಿ ಗಿಡವೂ ಇಲ್ಲ. ಹೈದರಾಬಾದಿನಲ್ಲಿ ಕಚೇರಿ ಇರುವ ಸಿಸಿಎಲ್ ಪ್ರಾಡಕ್ಟ್ಸ್ 1990ರ ದಶಕದಲ್ಲಿ ಅಲ್ಲಿ ನೆಲೆಯೂರಿ ಮುಂದೆ ಫ್ರೀಜ್ ಡ್ರೈಯಿಂಗ್‌ಗೂ ಇಳಿಯಿತು. ಬೀಜ ನಮ್ಮದಾದರೂ ಹರಳಿನ ಲಾಭ ಇನ್ನೊಬ್ಬರ ಊರಿಗೆ ಹೋಗುತ್ತದೆಂಬುದನ್ನು ಕೊಡಗಿನ, ಚಿಕ್ಕಮಗಳೂರಿನ ಬೆಳೆಗಾರರು ಯೋಚಿಸಬೇಕು. ಬೀಜ ಮಾರುವುದಕ್ಕೂ ಹರಳು ಮಾರುವುದಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ.

ತಿನಿಸಿನ ಕಡೆ ನಮ್ಮ ಹೆಮ್ಮೆ ಮೈಸೂರು. 1961ರಲ್ಲಿ ಶುರುವಾದ ಅಲ್ಲಿನ ರಕ್ಷಣಾ ಆಹಾರ ಸಂಶೋಧನಾಲಯ, ಡಿಎಫ್ಆರ್‌ಎಲ್, ಸೈನಿಕರಿಗಾಗಿ ಹೀಗೆ ಒಣಗಿಸಿದ ಆಹಾರವನ್ನು ರೂಪಿಸಿದೆ. ಹಿಮದ ಬೆಟ್ಟ ಹತ್ತುವವನ ಬೆನ್ನಿನ ಮೇಲೆ ಒಂದು ಕಿಲೋ ಕಡಿಮೆಯಾದರೂ ಅದು ದೊಡ್ಡದು. ನೀರು ಅಲ್ಲಿಯೇ ಹಿಮ ಕರಗಿಸಿದರೆ ಸಿಗುತ್ತದೆ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರ ಬುತ್ತಿ ಕಟ್ಟಿದ್ದೂ ಇದೇ ಸಂಸ್ಥೆ.

ನಾವು ಮೊಸರಿಗೆ ನೆರೆಮನೆಯಿಂದ ಹೆಪ್ಪು ಕೇಳಿ ತರುತ್ತೇವೆ. ದೊಡ್ಡ ಡೈರಿಗಳಿಗೆ ಆ ಹೆಪ್ಪೂ ಹೀಗೆಯೇ ಒಣಪುಡಿಯಾಗಿ ಪೊಟ್ಟಣದಲ್ಲಿ ಬರುತ್ತದೆ. ಹಾಲಿಗೆ ಬಿದ್ದೊಡನೆ ಬ್ಯಾಕ್ಟೀರಿಯಾ ನಿದ್ದೆಯಿಂದ ಏಳುತ್ತದೆ. ಇಲ್ಲೊಂದು ಎಚ್ಚರಿಕೆಯೂ ಇದೆ: ಈ ವಿಧಾನ ಕೆಟ್ಟ ರೋಗಾಣುಗಳನ್ನೂ ಕೊಲ್ಲುವುದಿಲ್ಲ, ಅವೂ ಮಲಗಿರುತ್ತವೆ. ಒಣಗಿಸುವ ಮೊದಲೇ ಆಹಾರ ಶುಚಿಯಾಗಿರಬೇಕು.

ವ್ಯಾಕ್ಸಿನ್ ಡಿಪೋದ ಹೆಸರಿನ ಹಿಂದೆ

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಅಂದರೆ ಮರಗಳ ನೆರಳಿನ ವಿಶಾಲ ಬಯಲು. ಬೆಳಗಿನ ಹೊತ್ತು ವಾಕಿಂಗ್ ಬರುವವರು ಬಹಳ. ಆ ಹೆಸರು ಹೇಗೆ ಬಂತೆಂದು ಹೊಸಬರು ಕೇಳುವುದು ಕಡಿಮೆ. ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು.

ಸಿಡುಬಿನ ಲಸಿಕೆಯ ಕಥೆಯೆಲ್ಲ ಸಾಗಾಟದ ಕಷ್ಟದ ಕಥೆ. 1802ರಲ್ಲಿ ಅದು ಮೊದಲ ಸಲ ಮುಂಬಯಿ ಮುಟ್ಟಿದ್ದು ಬಾಗ್ದಾದ್, ಬಸ್ರಾ ದಾರಿಯಲ್ಲಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ. ಮನುಷ್ಯರ ಮೈಯೇ ಅದಕ್ಕೆ ಪಾತ್ರೆ. ಆಮೇಲೆ ಕರು, ಕುರಿಗಳ ಚರ್ಮದ ಮೇಲೆ ಬೆಳೆಸಿದ ರಸವನ್ನು ಗ್ಲಿಸರಿನ್‌ನಲ್ಲಿ ಬೆರೆಸಿ ಕಳಿಸುವ ಕ್ರಮ ಬಂತು. ತಂಪಿನಲ್ಲಿ ಅದು ಚೆನ್ನಾಗಿತ್ತು. ನಮ್ಮ ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ಸತ್ತುಹೋಗುತ್ತಿತ್ತು. ದೇವಿ ಹಾಕುವವರು ಮೈಲುಗಟ್ಟಲೆ ನಡೆದು ಹಳ್ಳಿ ಸೇರಿ, ಮಕ್ಕಳ ಕೈಗೆ ಗಾಯ ಮಾಡಿ, ಸತ್ತ ಲಸಿಕೆ ಹಾಕಿ ಬಂದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಆ ಮಕ್ಕಳಿಗೆ ನೋವು ಸಿಕ್ಕಿತು, ರಕ್ಷಣೆ ಸಿಗಲಿಲ್ಲ. ಮುಂದೆ ಸಿಡುಬು ಬಂದಾಗ ಊರವರು ಲಸಿಕೆಯನ್ನೇ ನಂಬದಾದರೆ ಅದರಲ್ಲಿ ಅವರ ತಪ್ಪಿರಲಿಲ್ಲ.

1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಿಸ್ಟರ್ ಇನ್‌ಸ್ಟಿಟ್ಯೂಟ್‌ನ ಲೆಸ್ಲಿ ಕೊಲಿಯರ್ ಲಸಿಕೆಗೆ ಪೆಪ್ಟೋನ್ ಬೆರೆಸಿ ಫ್ರೀಜ್ ಡ್ರೈ ಮಾಡುವ, ದೊಡ್ಡ ಪ್ರಮಾಣಕ್ಕೂ ಹೊಂದುವ ಕ್ರಮ ಕಂಡುಹಿಡಿದರು. ಈ ಒಣ ಲಸಿಕೆ 37 ಡಿಗ್ರಿ ಬಿಸಿಯಲ್ಲಿ ನಾಲ್ಕು ವಾರ ಇಟ್ಟ ಮೇಲೂ ಶಕ್ತಿ ಕಳೆದುಕೊಳ್ಳಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಾಯಿತು. ಫ್ರಿಜ್ ಇಲ್ಲದ ಹಳ್ಳಿಗೆ ಇದು ಎಂಥ ವರ ಎಂಬುದನ್ನು ಮೇ ತಿಂಗಳ ಕಲಬುರಗಿಯನ್ನು ಕಂಡವರಿಗೆ ಹೇಳಬೇಕಿಲ್ಲ.

ಭಾರತದ ಸಿಡುಬು ನಿರ್ಮೂಲನ ಕಾರ್ಯಕ್ರಮ 1962ರಲ್ಲಿ ಆರಂಭವಾಯಿತು. ಮೊದಮೊದಲು ಸೋವಿಯತ್ ಒಕ್ಕೂಟ ಒಣ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ದಾನವಾಗಿ ಕೊಟ್ಟಿತು. ಕ್ರಮೇಣ ನಾವೇ ತಯಾರಿಸತೊಡಗಿದೆವು, ನಾಲ್ಕು ಕಡೆ: ನೈನಿತಾಲ್ ಬಳಿಯ ಪಟ್ವಾಡಾಂಗರ್, ಮದರಾಸಿನ ಗಿಂಡಿ, ಹೈದರಾಬಾದಿನ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್, ಮತ್ತು ನಮ್ಮ ಬೆಳಗಾವಿ. ಮಾದಾಪುರ ಬರೀ ಬಂಡೆ, ಕುರುಚಲು ಇದ್ದ ಕಾಲದಲ್ಲಿ ಹೈದರಾಬಾದಿನ ನಾರಾಯಣಗೂಡದಲ್ಲೂ ಬೆಳಗಾವಿಯಲ್ಲೂ ಒಂದೇ ರೋಗದ ವಿರುದ್ಧ ಒಂದೇ ವಿಧಾನದಲ್ಲಿ ಲಸಿಕೆ ಒಣಗುತ್ತಿತ್ತು.

ಒಣ ಲಸಿಕೆಯ ಜೊತೆಗೆ ಎರಡು ಮೊನೆಯ ಪುಟ್ಟ ಸೂಜಿಯೂ ಬಂತು. ಕರಗಿಸಿದ ಲಸಿಕೆಯಲ್ಲಿ ಅದ್ದಿದರೆ ಎರಡು ಮೊನೆಗಳ ನಡುವೆ ಬೇಕಾದಷ್ಟೇ ಹನಿ ನಿಲ್ಲುತ್ತದೆ. ಓದು ಬಾರದವರಿಗೂ ಕಲಿಸಬಹುದಾದ ಕೆಲಸ. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಅಸ್ಸಾಮಿನ ಕರೀಂಗಂಜಿನಲ್ಲಿ ಕಂಡುಬಂದರು. 1980ರ ಮೇ 8ರಂದು ಲೋಕದಿಂದಲೇ ಸಿಡುಬು ಹೋಯಿತೆಂದು ಘೋಷಣೆಯಾಯಿತು. ಈ ಗೆಲುವಿಗೆ ಸರ್ವೇಕ್ಷಣೆ, ಮನೆಮನೆ ಹುಡುಕಾಟ, ಸಾವಿರಾರು ಸಿಬ್ಬಂದಿಯ ನಡಿಗೆ ಎಲ್ಲವೂ ಕಾರಣ. ಆದರೆ ಅವರ ಚೀಲದಲ್ಲಿದ್ದ ಲಸಿಕೆ ಬಿಸಿಲಿಗೆ ಸಾಯದೆ ಇದ್ದುದರಿಂದ ಆ ನಡಿಗೆಗೆ ಫಲ ಬಂತು. ಹಿರಿಯರ ಕೈಮೇಲಿನ ದುಂಡನೆಯ ಕಲೆ ನೋಡಿದಾಗ ನನಗೆ ನೆನಪಾಗುವುದು ಬೆಳಗಾವಿಯ ಆ ಬಯಲು. ಅಲ್ಲೊಂದು ಫಲಕ ನಿಲ್ಲಬೇಕು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಒಣಗಿಸಿ ಕುಂದಿಸಿದ್ದು, ಒಣಗಿಸಿ ಉಳಿಸಿದ್ದು

ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿದ್ದ ರೇಬಿಸ್ ಲಸಿಕೆಗೆ ಬರೋಣ. 1885ರಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಬಾಲಕ ಜೋಸೆಫ್ ಮೈಸ್ಟರ್‌ನಿಗೆ ಕೊಟ್ಟ ಮದ್ದು ಕೂಡ ಒಣಗಿಸಿದ್ದೇ. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಸೀಸೆಯಲ್ಲಿ ನೇತುಹಾಕಿ ದಿನಗಟ್ಟಲೆ ಒಣಗಿಸುತ್ತಿದ್ದರು. ಅವರಿಗೆ ಬೇಕಿದ್ದುದು ವೈರಾಣುವಿನ ಬಲ ಕುಂದುವುದು. 1909ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಶ್ಯಾಕೆಲ್ ಎಂಬ ವಿಜ್ಞಾನಿ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ಪ್ರಯೋಗ ಪ್ರಕಟಿಸಿದರು. ಎರಡು ವರ್ಷದಲ್ಲಿ ಅದೇ ರೇಬಿಸ್ ವೈರಾಣುವಿನ ಮೇಲೆ ಪ್ರಯತ್ನ ನಡೆಯಿತು. ಈ ಸಲ ಬೇಕಿದ್ದುದು ಬಲ ಉಳಿಯುವುದು.

ಇಂದು ನಮ್ಮಲ್ಲಿ ಬಳಕೆಯಲ್ಲಿರುವ ‘ಅಭಯ್‌ರಾಬ್’ ಲಸಿಕೆಯನ್ನು ತಯಾರಿಸುವ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಮಾದಾಪುರದ ಮಗ್ಗುಲಿನ ಗಚ್ಚಿಬೌಲಿಯಲ್ಲೇ ಇದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ 1982ರಲ್ಲಿ ದನಕರುಗಳ ಲಸಿಕೆಗೆಂದು ಹುಟ್ಟುಹಾಕಿದ ಸಂಸ್ಥೆ ಅದು.

ಹಾವು ಕಡಿದ ರಾತ್ರಿ

ಲಸಿಕೆಗಿಂತಲೂ ತುರ್ತಿನ ಸೀಸೆ ಇನ್ನೊಂದಿದೆ, ಹಾವಿನ ವಿಷಕ್ಕೆ ಕೊಡುವ ಮದ್ದಿನದು. 2000ದಿಂದ 2019ರ ನಡುವೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ವರ್ಷಕ್ಕೆ ಸುಮಾರು 58,000. ಬಹುತೇಕ ಸಾವು ಹಳ್ಳಿಗಳಲ್ಲೇ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು. ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ತೆಗೆದದ್ದು. ಹೈದರಾಬಾದಿನ ವಿನ್ಸ್ ಬಯೋಪ್ರಾಡಕ್ಟ್ಸ್ ಇದನ್ನು ತಯಾರಿಸುವ ಕಂಪನಿಗಳಲ್ಲೊಂದು. ಮದ್ದು ದ್ರವವಾಗಿದ್ದರೆ ಸದಾ ಫ್ರಿಜ್ಜಿನಲ್ಲಿರಬೇಕು. ಒಣಗಿಸಿದ್ದಾದರೆ ಬಿಸಿಲು ಬೀಳದ ತಂಪು ಕಪಾಟಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋಗುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವ್ಯತ್ಯಾಸವೇ ಎಲ್ಲ. ಹಾವು ಹೆಚ್ಚು ಕಡಿಯುವುದೂ ಮಳೆಗಾಲದಲ್ಲೇ.

ಒಂದು ತೊಡಕೂ ಇದೆ. ಒಬ್ಬ ರೋಗಿಗೆ ಶುರುವಿನಲ್ಲೇ ಎಂಟು ಹತ್ತು ಸೀಸೆ ಬೇಕಾಗಬಹುದು. ಪ್ರತಿಯೊಂದಕ್ಕೂ 10 ಮಿಲಿಲೀಟರ್ ನೀರು ಬಿಟ್ಟು ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಎದ್ದು ಪ್ರೋಟೀನು ಕೆಡುತ್ತದೆ, ಅಂಗೈಯಲ್ಲಿಟ್ಟು ಮೆಲ್ಲಗೆ ಹೊರಳಿಸುತ್ತಿರಬೇಕು. ಹೊರಗೆ ಮನೆಯವರ ಅಳು, ಒಳಗೆ ಕರಗದ ಬಿಲ್ಲೆ. ಆ ನಿಮಿಷಗಳಲ್ಲಿ ಕೈ ನಡುಗದೆ ಕೆಲಸ ಮಾಡುವ ನರ್ಸುಗಳ ತಾಳ್ಮೆಯನ್ನು ನಾವು ಸಾಕಷ್ಟು ಗುರುತಿಸಿಲ್ಲ.

ಎಲ್ಲಕ್ಕೂ ಸಲ್ಲುವುದಿಲ್ಲ

ಎಲ್ಲ ಲಸಿಕೆಯನ್ನೂ ಹೀಗೆ ಒಣಗಿಸಲಾಗದು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಹೊರತಂದ ಹೆಪಟೈಟಿಸ್ ಬಿ ಲಸಿಕೆಯಂಥವುಗಳಲ್ಲಿ ಅಲ್ಯುಮಿನಿಯಂ ಲವಣವಿರುತ್ತದೆ. ಹೆಪ್ಪುಗಟ್ಟಿದರೆ ಲವಣದ ಕಣಗಳು ಗಂಟುಗಟ್ಟಿ ಲಸಿಕೆ ಹಾಳಾಗುತ್ತದೆ. ಅವಕ್ಕೆ 2ರಿಂದ 8 ಡಿಗ್ರಿಯ ತಂಪೇ ಗತಿ. ಇನ್ನೊಂದೆಡೆ, ಅತಿ ನಾಜೂಕು ಎನಿಸಿದ್ದ ಎಂಆರ್‌ಎನ್‌ಎ ಲಸಿಕೆಯನ್ನೂ ಪುಣೆಯ ಜೆನ್ನೋವಾ ಒಣಗಿಸಿ 2023ರಲ್ಲಿ ಹೊರತಂದಿತು. ವಿದೇಶದ ಅಂಥ ಒಂದು ಲಸಿಕೆಗೆ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿ ಬೇಕಿದ್ದಾಗ ಇದಕ್ಕೆ ಮಾಮೂಲಿ ಫ್ರಿಜ್ಜು ಸಾಕಾಯಿತು.

ಖರ್ಚಂತೂ ದೊಡ್ಡದೇ. ತಣಿಸಲು ಕರೆಂಟು, ಗಾಳಿ ಎಳೆಯಲು ಕರೆಂಟು, ಮತ್ತೆ ಬಿಸಿಗೂ ಕರೆಂಟು, ಅದೂ ದಿನಗಟ್ಟಲೆ. ಮಾದಾಪುರದ ಸೂಪರ್ ಮಾರ್ಕೆಟ್ಟುಗಳಲ್ಲಿ ಈಗ ಹೀಗೆ ಒಣಗಿಸಿದ ಸ್ಟ್ರಾಬೆರಿ, ಮಾವಿನ ಹೋಳು ಸಿಗುತ್ತವೆ. ಪೊಟ್ಟಣ ಒಡೆದಿಟ್ಟರೆ ಒಂದೇ ಮಳೆಯ ದಿನಕ್ಕೆ ಮೆತ್ತಗಾಗುತ್ತವೆ. ಮನೆಯ ತಿನಿಸಿಗೆ ಬಿಸಿಲೇ ಸಾಕು, ಹಪ್ಪಳಕ್ಕೆ ನಿರ್ವಾತ ಬೇಡ ಎಂಬುದು ನನ್ನ ಅಭಿಪ್ರಾಯ. ಅಷ್ಟು ದುಬಾರಿಯ ವಿದ್ಯೆ ಬೇರೆ ದಾರಿಯೇ ಇಲ್ಲದ ವಸ್ತುಗಳಿಗೆ ಮೊದಲು ಸಿಗಲಿ.

ನಾಲ್ಕು ಗಂಟೆಯ ಗಡುವು

ಒಣಗಿದಷ್ಟು ಕಾಲ ಆಯುಷ್ಯ ಗಟ್ಟಿ. ನೀರು ಬಿದ್ದ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ದಡಾರ-ರುಬೆಲ್ಲಾ ಲಸಿಕೆಯೂ ಒಣಬಿಲ್ಲೆಯೇ. 2017ರ ಫೆಬ್ರುವರಿಯಲ್ಲಿ ದೇಶದಲ್ಲಿ ಅದರ ದೊಡ್ಡ ಅಭಿಯಾನ ಶುರುವಾದಾಗ ಮೊದಲ ಕಂತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕರಗಿಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದರೆ ಎಸೆಯಬೇಕು.

ಹಾಗಾಗಿ ಲಸಿಕೆಯ ದಿನ ಯಾದಗಿರಿ ಕಡೆಯ ಯಾವುದೇ ಅಂಗನವಾಡಿಗೆ ಹೋದರೂ ಒಂದು ದೃಶ್ಯ ಕಾಣಬಹುದು. ಒಂದೇ ಮಗುವಿಗೂ ಸೀಸೆ ತೆರೆಯಲು ಅಡ್ಡಿಯಿಲ್ಲ, ಆದರೆ ಉಳಿದ ಮಕ್ಕಳ ಪಾಲು ವ್ಯರ್ಥವಾಗಬಾರದಲ್ಲ. ಆಶಾ ಕಾರ್ಯಕರ್ತೆ ಓಣಿ ಓಣಿ ತಿರುಗಿ ತಾಯಂದಿರನ್ನು ಕರೆತರುತ್ತಾಳೆ. ‘ಇನ್ನಾ ಎರಡು ಕೂಸು ಬರಬೇಕ್ರಿ ಸಿಸ್ಟರ್, ಹೊಲದಾಗ ಅದಾರ, ಈಗ ಬರ್ತಾರ.’ ಸಿಸ್ಟರ್ ಬಾಗಿಲ ಕಡೆ ನೋಡುತ್ತಾರೆ. ಆಮೇಲೆ ಸೂಜಿಯಲ್ಲಿ ನೀರೆಳೆದು ಬಿಲ್ಲೆಯ ಮೇಲೆ ಬಿಡುತ್ತಾರೆ, ಪೆನ್ನು ತೆಗೆದು ಸೀಸೆಯ ಚೀಟಿಯ ಮೇಲೆ ಹೊತ್ತು ಬರೆಯುತ್ತಾರೆ: 10.20.